ಗಾಲ್ಫಿನ ಹೊಡೆತ: ಮುಂಗೈಯ ತಿರುವು, ಮೈಯ ನಂಟು

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು ಸ್ಥಾಪಿತವಾದದ್ದು 1876ರಲ್ಲಿ. ಅಷ್ಟು ಕಾಲದಿಂದ ಈ ಆಟವು ನಮ್ಮ ನಡುವೆ ಇದ್ದರೂ ಬೇಲಿಯಾಚೆ ನಿಂತು ನೋಡುವವರಿಗೆ ಅದು ಇನ್ನೂ ಒಂದು ವಿನೋದವೇ ಸರಿ. ಚೆಂಡು ನೆಲದ ಮೇಲೆ ಸುಮ್ಮನೆ ಕುಳಿತಿದೆ, ಅಡ್ಡಬರುವವರು ಯಾರೂ ಇಲ್ಲ, ಕಾಲಾವಕಾಶವೂ ಬೇಕಾದಷ್ಟಿದೆ. ಹಾಗಿದ್ದೂ ವಿದ್ಯಾವಂತರಾದ ಗೃಹಸ್ಥರು ಅದನ್ನು ನೇರವಾಗಿ ಹೊಡೆಯಲಾರದೆ ಪೊದೆಗಳಲ್ಲಿ ಹುಡುಕುತ್ತಿರುತ್ತಾರೆ. ಆ ಗೃಹಸ್ಥರಲ್ಲಿ ನಾನೂ ಒಬ್ಬನೆಂಬುದನ್ನು ಶ್ರೋತೃಗಳಲ್ಲಿ ಮೊದಲೇ ಅರಿಕೆಮಾಡಿಕೊಳ್ಳುತ್ತೇನೆ.

ಕಷ್ಟವಿರುವುದು ಕಾಲದಲ್ಲಿ. ಕೋಲು ಮೇಲಿನಿಂದ ಇಳಿದು ಚೆಂಡನ್ನು ಮುಟ್ಟಲು ಸುಮಾರು ಕಾಲು ಸೆಕೆಂಡು ಸಾಕು. ಕೋಲಿನ ಮುಖವೂ ಚೆಂಡೂ ಕೂಡಿರುವುದಾದರೋ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಗಂಟೆಗೆ 100 ಮೈಲಿಯ ವೇಗದಲ್ಲಿ ಬರುವ ಕೋಲು ಅಷ್ಟರಲ್ಲಿ ಒಂದು ಅಂಗುಲದಷ್ಟೂ ಮುಂದೆ ಹೋಗಿರುವುದಿಲ್ಲ. ಆ ಕ್ಷಣದಲ್ಲಿ ಮುಖವು ಯಾವ ಕಡೆಗೆ ತಿರುಗಿತ್ತೋ ಚೆಂಡು ಬಹುಮಟ್ಟಿಗೆ ಆ ಕಡೆಗೇ ಹೊರಡುತ್ತದೆ. ನಾಲ್ಕು ಡಿಗ್ರಿಗಳ ತಪ್ಪಾದರೆ 200 ಗಜದ ದೂರದಲ್ಲಿ ಅದು 14 ಗಜದ ತಪ್ಪು. ಚೆಂಡು ಗಾಳಿಯಲ್ಲಿ ಬಾಗುವುದು ಬೇರೆ. ಹಾಗಾದರೆ ಆ ಮುಖವನ್ನು ತಿರುಗಿಸುವುದು ಯಾವುದು?

ತೀರ್ಥಕ್ಕೆ ಬಲಗೈಯೊಡ್ಡುವುದನ್ನು ನೆನೆಯಿರಿ. ಮೊಣಕೈ ಪಕ್ಕೆಗೆ ತಗಲಿದೆ, ಅಂಗೈ ಮೇಲ್ಮುಖವಾಗಿದೆ. ಈಗ ಕೈಯನ್ನು ಕವುಚಿರಿ. ಮುಂಗೈಯಲ್ಲಿ ಎರಡು ಎಲುಬುಗಳಿವೆಯಷ್ಟೆ. ಕವುಚುವಾಗ ಹೆಬ್ಬೆರಳಿನ ಕಡೆಯ ಎಲುಬು ಕಿರುಬೆರಳಿನ ಕಡೆಯದರ ಮೇಲೆ ಅಡ್ಡಲಾಗಿ ಹೊರಳುತ್ತದೆ. ಹೀಗೆ ಅಂಗೈ ತಿರುಗುವುದು ಹೆಚ್ಚೆಂದರೆ ಅರ್ಧ ವೃತ್ತದಷ್ಟು. ಇನ್ನು ಕೈಯನ್ನು ನೀಳವಾಗಿ ಮುಂದೆ ಚಾಚಿ ಅದೇ ಕೆಲಸವನ್ನು ಮಾಡಿ ನೋಡಿರಿ. ಅಂಗೈ ಅರ್ಧ ವೃತ್ತವನ್ನೂ ಮೀರಿ ತಿರುಗುತ್ತದೆ. ಏಕೆಂದರೆ ಈಗ ಮೇಲ್ದೋಳೂ ಹೆಗಲಿನ ಕೀಲಿನಲ್ಲಿ ಹೊರಳಿತು. ಮುಂಗೈಯೇ ತಿರುಗಿತೆಂದು ನಮಗೆ ತೋರುತ್ತದೆ, ಆದರೆ ಅರ್ಧ ಕಳ್ಳತನ ಹೆಗಲಿನದು. ಗಾಲ್ಫಿನ ಪಾಠಗಳಲ್ಲಿ ಹುಟ್ಟುವ ಗೊಂದಲಕ್ಕೆ ಇದೇ ಒಂದು ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ಬಲಗೈ ಆಟಗಾರನು ಕೋಲನ್ನು ಹಿಂದಕ್ಕೆತ್ತುವಾಗ ಅವನ ಬಲ ಅಂಗೈ ತೀರ್ಥಕ್ಕೆ ಒಡ್ಡಿದಂತೆ ತುಸು ಮೇಲಾಗುತ್ತದೆ. ಹೊಡೆದು ಮುಂದೆ ಸಾಗುವಾಗ ಕವುಚಿಕೊಳ್ಳುತ್ತದೆ. ಎಡಗೈಯದು ಇದಕ್ಕೆ ವಿರುದ್ಧ. ಇಷ್ಟು ಸಹಜ. ಆದರೆ ಇದರ ಜೊತೆಗೆ ಎದೆಯೂ ತಿರುಗುತ್ತಿದೆ. ಬಾಗಿಲನ್ನು ತಳ್ಳಿದರೆ ಅದರ ಚಿಲಕವೂ ತಿರುಗುವುದಿಲ್ಲವೇ? ಬಾಗಿಲಿನ ಮಟ್ಟಿಗೆ ಅದು ಇದ್ದಲ್ಲೇ ಇದೆ; ಕೋಣೆಯ ಮಟ್ಟಿಗೆ ತಿರುಗಿದೆ. ಮೇಲ್ದೋಳು ಎದೆಗೆ ಒತ್ತಿಕೊಂಡಿದ್ದರೆ ಕೋಲಿನ ಮುಖವೂ ಹೀಗೆಯೇ: ಮೈ ತಿರುಗಿದಷ್ಟು ಅದು ತಾನಾಗಿಯೇ ತಿರುಗುತ್ತದೆ, ಮುಂಗೈಗೆ ಉಳಿಯುವ ಕೆಲಸ ಸ್ವಲ್ಪ. ತೋಳು ಎದೆಯನ್ನು ಬಿಟ್ಟು ಓಡಿತೋ, ಎದೆ ನಿಂತುಹೋಗುತ್ತದೆ. ಮುಖವನ್ನು ತಿರುಗಿಸುವ ಭಾರವೆಲ್ಲ ಮುಂಗೈಗಳ ಮೇಲೆ ಬೀಳುತ್ತದೆ. ಅವು ಒಂದು ದಿನ ಬೇಗ, ಒಂದು ದಿನ ತಡ. ಬೇಗ ತಿರುಗಿದರೆ ಚೆಂಡು ಎಡಕ್ಕೆ ಬಾಗುತ್ತದೆ, ಅದಕ್ಕೆ ಹುಕ್ ಎಂದು ಹೆಸರು. ತಡವಾದರೆ ಬಲಕ್ಕೆ ಬಾಗುವ ಸ್ಲೈಸ್.

ಹುಕ್ ಒಬ್ಬ ಮನುಷ್ಯನ ಅನ್ನವನ್ನೇ ಕಸಿಯುವುದರಲ್ಲಿತ್ತು. ಅಮೆರಿಕದ ಟೆಕ್ಸಾಸಿನಲ್ಲಿ 1912ರಲ್ಲಿ ಹುಟ್ಟಿದ ಬೆನ್ ಹೋಗನ್ ಎಂಬಾತನು ಹದಿನೇಳರ ವಯಸ್ಸಿನಲ್ಲಿಯೇ ಆಟವನ್ನು ವೃತ್ತಿಯಾಗಿ ಹಿಡಿದನು. 1938ರಲ್ಲಿ ಓಕ್‌ಲೆಂಡ್ ಪಂದ್ಯಕ್ಕೆ ಹೋದಾಗ ಕೈಯಲ್ಲಿದ್ದ ಹಣ ಮುಗಿಯುತ್ತ ಬಂದಿತ್ತು. ಸಾಲದೆಂಬಂತೆ ಯಾರೋ ಅವನ ಕಾರಿನ ಹಿಂದಿನ ಚಕ್ರಗಳನ್ನೂ ಕದ್ದೊಯ್ದರು. ಒಬ್ಬನೇ ಆಡಿ ಗೆದ್ದ ಮೊದಲ ದೊಡ್ಡ ಪಂದ್ಯ 1940ರದು. ಹತ್ತು ವರ್ಷದ ವನವಾಸ! ಆಮೇಲೂ ಹುಕ್ಕಿನ ಭಯ ಅವನನ್ನು ಬಿಡಲಿಲ್ಲ. 1946ರಲ್ಲಿ ಅದಕ್ಕೆ ಒಂದು ಉಪಾಯವನ್ನು ಕಂಡುಕೊಂಡು, 1955ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಅದನ್ನು ಬಯಲುಮಾಡಿದನು. ಎಡಗೈಯ ಹಿಡಿತವನ್ನು ತುಸು ಎಡಕ್ಕೆ ಸರಿಸುವುದು; ಕೋಲನ್ನು ಎತ್ತುವಾಗಲೇ ಕೈಗಳನ್ನು ಬಲಕ್ಕೆ ಹೊರಳಿಸುವುದು; ಮೇಲೆ ಮುಟ್ಟಿದಾಗ ಎಡ ಮಣಿಕಟ್ಟನ್ನು ಕೊಂಚ ಹಿಂದಕ್ಕೆ ಬಗ್ಗಿಸುವುದು. ಇದರಿಂದ ಮುಖವು ಎಷ್ಟು ತೆರೆದುಕೊಳ್ಳುತ್ತಿತ್ತೆಂದರೆ, ಆಮೇಲೆ ಎಷ್ಟು ಬಲವಾಗಿ ಹೊಡೆದರೂ ಅದು ಕಾಲಕ್ಕೆ ಮುಂಚೆ ಮುಚ್ಚುತ್ತಿರಲಿಲ್ಲ. 1949ರ ಫೆಬ್ರವರಿಯಲ್ಲಿ ಬಸ್ಸೊಂದು ಅವನ ಕಾರಿಗೆ ಡಿಕ್ಕಿ ಹೊಡೆದು ಸೊಂಟದ ಮೂಳೆ ಮುರಿಯಿತು. ಹದಿನಾರು ತಿಂಗಳ ಬಳಿಕ ಆತನು ಮೆರಿಯನ್ನಿನಲ್ಲಿ ಅಮೆರಿಕದ ಓಪನ್ ಪಂದ್ಯವನ್ನು ಗೆದ್ದನು.

ಲೋಕವೆಲ್ಲ ಆ ಮಣಿಕಟ್ಟಿನ ಗುಟ್ಟಿನ ಹಿಂದೆ ಬಿದ್ದಿತು. ನನ್ನ ಮಟ್ಟಿಗೆ 1957ರ ಆತನ 'ಐದು ಪಾಠಗಳು' ಹೆಚ್ಚು ಬೆಲೆಯುಳ್ಳದ್ದು. ಅದರಲ್ಲಿ ಮೇಲ್ದೋಳುಗಳು ಎದೆಯ ಪಕ್ಕಗಳಿಗೆ ಒತ್ತಿಕೊಂಡಿರಬೇಕೆಂದಿದೆ. ಎರಡು ಕೈಗಳನ್ನೂ ಹಗ್ಗದಿಂದ ಒಟ್ಟಿಗೆ ಬಿಗಿದಂತೆ ಚಿತ್ರವೂ ಇದೆ. ಇಳಿಯುವ ಹೊಡೆತಕ್ಕೆ ಮೊದಲು ತಿರುಗಬೇಕಾದುದು ಸೊಂಟ, ಕೈಗಳಲ್ಲ. ಮುಂಗೈಯನ್ನು ನಂಬಿ ಹೊರಳಿಸುವ ಧೈರ್ಯ ಅವನಿಗೆ ಬಂದದ್ದು ಈ ನಂಟಿನ ಬಲದಿಂದ ಎಂದು ನಾನು ತಿಳಿಯುತ್ತೇನೆ.

ನಂಟು ಎಂಬ ಈ ಮಾತನ್ನು ಹೆಚ್ಚಾಗಿ ಬಳಕೆಗೆ ತಂದವನು ಜಿಮ್ಮಿ ಬ್ಯಾಲರ್ಡ್ ಎಂಬ ಶಿಕ್ಷಕ. ಅವನ ಗುರು ಸ್ಯಾಮ್ ಬರ್ಡ್ ಮೊದಲು ನ್ಯೂಯಾರ್ಕಿನ ಬೇಸ್‌ಬಾಲ್ ತಂಡದಲ್ಲಿದ್ದವನು. ಅಲ್ಲಿ ಬೇಬ್ ರೂತನು ಕಂಕುಳಲ್ಲಿ ಕರವಸ್ತ್ರವನ್ನಿಟ್ಟುಕೊಂಡು ಅಭ್ಯಾಸಮಾಡುತ್ತಿದ್ದನೆಂದೂ ಪಾಠ ಅಲ್ಲಿಂದ ಬಂತೆಂದೂ ಬ್ಯಾಲರ್ಡನ ಹೇಳಿಕೆ. ಹಾಗೆಂದು ತೋಳುಗಳನ್ನು ಮೈಗೆ ಅಂಟು ಹಾಕಿದಂತೆ ಹಿಡಿಯಬಾರದು. ನೀಳವಾದ ಹೊಡೆತದಲ್ಲಿ ಬಲ ಮೊಣಕೈ ಸ್ವಲ್ಪ ದೂರ ಸರಿದೇ ಸರಿಯುತ್ತದೆ. ಜ್ಯಾಕ್ ನಿಕ್ಲಾಸನ ಮೊಣಕೈಯಂತೂ ಹಕ್ಕಿಯ ರೆಕ್ಕೆಯಂತೆ ಏಳುತ್ತಿತ್ತು. ಆತನು ಗೆದ್ದ ಮಹಾಪಂದ್ಯಗಳು 18.

ಪರೀಕ್ಷಿಸುವುದಕ್ಕೆ ಗಾಲ್ಫಿನ ಕೋಲೇ ಬೇಕಿಲ್ಲ. ಎಡ ಕಂಕುಳಲ್ಲಿ ಒಂದು ಕರವಸ್ತ್ರವನ್ನಿಟ್ಟು, ಮುಚ್ಚಿದ ಕೊಡೆಯೊಂದನ್ನು ಎರಡು ಕೈಗಳಿಂದ ಹಿಡಿದು ಸೊಂಟದ ಎತ್ತರದವರೆಗೆ ಹಿಂದಕ್ಕೂ ಮುಂದಕ್ಕೂ ಬೀಸಬಹುದು. ದೀಪದ ಗಾಜುಗಳಿಂದ ದೂರ ನಿಲ್ಲುವುದು ಕ್ಷೇಮ. ಕರವಸ್ತ್ರವು ಯಾವಾಗ ಬೀಳುತ್ತದೆಂಬುದನ್ನು ಗಮನಿಸಬೇಕು. ಹೊಡೆತ ಕಳೆದ ಬಳಿಕ ಬಿದ್ದರೆ ಚಿಂತೆಯಿಲ್ಲ. ನನ್ನದು ಸಾಮಾನ್ಯವಾಗಿ ಬೀಳುವುದು ಕೊಡೆ ಕೆಳಗಿಳಿಯುವಾಗ, ಚೆಂಡಿರಬೇಕಾದ ಸ್ಥಳಕ್ಕೆ ಒಂದು ಗೇಣು ಮುಂಚೆ.