ಮನೆ ಹತ್ತಿರವಿದ್ದರೆ ಕಷ್ಟವಿಲ್ಲವೇ?

ದೋಹಾದ ಕನ್ನಡ ಕುಟುಂಬಗಳಲ್ಲಿ ಹನ್ನೆರಡನೇ ತರಗತಿ ಮುಗಿಯುತ್ತಲೇ ಎರಡು ದಾರಿ ತೆರೆದುಕೊಳ್ಳುತ್ತವೆ. ಮಗನೋ ಮಗಳೋ ಅಲ್ಲೇ ಉಳಿದು ಅಮೆರಿಕದ ವಿಶ್ವವಿದ್ಯಾಲಯಗಳ ಶಾಖೆಗಳಿರುವ ಎಜುಕೇಶನ್ ಸಿಟಿ ಅಥವಾ ಕತಾರ್ ವಿಶ್ವವಿದ್ಯಾಲಯ ಸೇರಬಹುದು. ಇಲ್ಲವೇ ಮಂಗಳೂರು, ಮಣಿಪಾಲ, ಬೆಂಗಳೂರಿನ ಕಡೆ ಹೊರಡಬಹುದು. ಉಳಿದವರನ್ನು ಕಂಡರೆ ಹಿರಿಯರು "ಮನೆಯಲ್ಲೇ ಇದ್ದಾನಲ್ಲ, ಇನ್ನೇನು ಕಷ್ಟ?" ಎನ್ನುತ್ತಾರೆ. ಹೊರಟವರ ಬಗ್ಗೆ "ನಮ್ಮೂರಿಗೇ ತಾನೆ ಹೋಗಿದ್ದು" ಎನ್ನುತ್ತಾರೆ. ಎರಡೂ ಮಾತಿನ ಹಿಂದಿರುವ ನಂಬಿಕೆ ಒಂದೇ: ಮನೆ ಹತ್ತಿರವಿದ್ದರೆ ಹೊಂದಿಕೊಳ್ಳುವ ಕಷ್ಟ ಇರುವುದಿಲ್ಲ. ಪ್ರೀತಿಯಿಂದಲೇ ಆಡುವ ಮಾತುಗಳು ಇವು. ಆದರೆ ಇವನ್ನು ಕೇಳಿಸಿಕೊಂಡ ಮಗು ತನ್ನ ಕಷ್ಟ ಹೇಳಿಕೊಳ್ಳಲು ಹಿಂಜರಿಯುತ್ತದೆ. ಮೊದಲ ವರ್ಷದ ಕಷ್ಟ ಮನೆ ಎಷ್ಟು ದೂರ ಎನ್ನುವುದರಿಂದ ಮಾತ್ರ ಹುಟ್ಟುವುದಲ್ಲ. ಓದುವ ರೀತಿ, ದಿನದ ಲೆಕ್ಕ, ಸುತ್ತಲಿನ ಜನ ಎಲ್ಲವೂ ಒಟ್ಟಿಗೇ ಬದಲಾಗುವುದರಿಂದ ಹುಟ್ಟುವುದು.

"ವಾರಕ್ಕೆ ಹದಿನೈದು ಗಂಟೆ ಕ್ಲಾಸು, ಮಿಕ್ಕಿದ್ದೆಲ್ಲ ಬಿಡುವು"

ದೋಹಾದ ಇಂಡಿಯನ್ ಸ್ಕೂಲುಗಳಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದರ ಮೇಲೊಂದು ಪೀರಿಯಡ್ ನೋಡಿದ ಕಣ್ಣಿಗೆ ಕಾಲೇಜಿನ ವೇಳಾಪಟ್ಟಿ ಖಾಲಿಖಾಲಿಯಾಗಿ ಕಾಣುತ್ತದೆ. ಬೆಳಿಗ್ಗೆ ಒಂದು ಕ್ಲಾಸು, ಮಧ್ಯಾಹ್ನ ಇನ್ನೊಂದು, ಕೆಲವು ದಿನ ಅದೂ ಇಲ್ಲ. ಆದರೆ ಅಮೆರಿಕನ್ ಪದ್ಧತಿಯ ಕ್ರೆಡಿಟ್ ಲೆಕ್ಕದಲ್ಲಿ ಕ್ಲಾಸಿನ ಪ್ರತಿ ಒಂದು ಗಂಟೆಗೆ ಹೊರಗೆ ಸುಮಾರು ಎರಡು ಗಂಟೆಯ ಓದು ಸೇರಿಯೇ ಇರುತ್ತದೆ. 15 ಕ್ರೆಡಿಟ್ ತೆಗೆದುಕೊಂಡವರಿಗೆ ವಾರಕ್ಕೆ 45 ಗಂಟೆ ಕೆಲಸ ಎಂದರ್ಥ. ಎಜುಕೇಶನ್ ಸಿಟಿಯಲ್ಲಿ 2004ರಿಂದ ಇರುವ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಈ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅಲ್ಲಿ 9 ಯೂನಿಟ್‌ನ ವಿಷಯವೆಂದರೆ ಕ್ಲಾಸು, ಓದು, ಹೋಂವರ್ಕ್ ಎಲ್ಲ ಸೇರಿ ವಾರಕ್ಕೆ ಒಂಬತ್ತು ಗಂಟೆಯ ದುಡಿಮೆ.

ಮನೆಯಿಂದ ಓಡಾಡುವ ಮಕ್ಕಳು ಎಡವುವುದು ಇಲ್ಲಿಯೇ. ಕ್ಲಾಸು ಮುಗಿಯುವ ಹೊತ್ತಿಗೆ ಅಪ್ಪನ ಕಾರು ಗೇಟಿನ ಹತ್ತಿರ ಬಂದು ನಿಂತಿರುತ್ತದೆ. ಮಗ ಹತ್ತಿ ಮನೆಗೆ ಬರುತ್ತಾನೆ, ಊಟ ಮಾಡಿ ಮಲಗುತ್ತಾನೆ. ಹಾಸ್ಟೆಲಿನವರು ಅದೇ ಹೊತ್ತಿನಲ್ಲಿ ನಾಲ್ಕೈದು ಜನ ಕೂತು ಲೆಕ್ಕ ಬಿಡಿಸುತ್ತಿರುತ್ತಾರೆ. ಅಲ್ಲಿ ಆಗುವ ಗೆಳೆತನ, ಕಿವಿಗೆ ಬೀಳುವ ಮಾಹಿತಿ ಎರಡೂ ಇವನಿಗೆ ತಪ್ಪಿಹೋಗುತ್ತವೆ. ದೋಹಾ ಮೆಟ್ರೊ 2019ರಲ್ಲಿ ಶುರುವಾದ ಮೇಲೆ ಕಾರಿಗೆ ಕಾಯಬೇಕಾದ ಅಗತ್ಯವೂ ಕಡಿಮೆಯಾಗಿದೆ. ಗ್ರೀನ್ ಲೈನ್ ಎಜುಕೇಶನ್ ಸಿಟಿಗೂ ಪಕ್ಕದ ಕತಾರ್ ನ್ಯಾಷನಲ್ ಲೈಬ್ರರಿಗೂ ಹೋಗುತ್ತದೆ. ಕತಾರ್ ಐಡಿ ಇರುವ ಯಾರಿಗಾದರೂ ಆ ಲೈಬ್ರರಿಯ ಸದಸ್ಯತ್ವ ಉಚಿತ. ಮೊದಲ ಸೆಮಿಸ್ಟರಿನಲ್ಲಿ ಮಗ ಸಂಜೆ ತಡವಾಗಿ ಮನೆ ಸೇರಿದರೆ ತಾಯ್ತಂದೆಯರು ಆತಂಕಪಡಬೇಕಿಲ್ಲ. ನಾನಂತೂ ಅದನ್ನು ಒಳ್ಳೆಯ ಸೂಚನೆ ಎಂದೇ ಎಣಿಸುತ್ತೇನೆ.

"ಹನ್ನೆರಡರಲ್ಲಿ ತೊಂಬತ್ತೈದು ಬಂದಿದೆ, ಇಲ್ಲೂ ಬರುತ್ತೆ"

ಮಗುವಿನ ಬುದ್ಧಿಯ ಮೇಲೆ ಅನುಮಾನ ಬೇಡ. ಬದಲಾಗಿರುವುದು ಪರೀಕ್ಷೆ. ಮೊದಲ ಕ್ಲಾಸಿನಲ್ಲಿ ಕೈಗೆ ಬರುವ ಸಿಲಬಸ್ ಎಂಬ ನಾಲ್ಕಾರು ಪುಟಗಳನ್ನು ಮನೆಯವರೂ ಒಮ್ಮೆ ನೋಡಬೇಕು. ಸ್ಕೂಲಿನಲ್ಲಿ ಸಿಲಬಸ್ ಎಂದರೆ ಪಾಠಗಳ ಪಟ್ಟಿ. ಇಲ್ಲಿ ಅದು ಇಡೀ ಸೆಮಿಸ್ಟರಿನ ಕರಾರು. ಯಾವ ವಾರ ಕ್ವಿಜ್, ಮಿಡ್‌ಟರ್ಮ್‌ಗೆ ಎಷ್ಟು ಭಾಗ, ಅಸೈನ್‌ಮೆಂಟ್ ಒಂದು ದಿನ ತಡವಾದರೆ ಎಷ್ಟು ಅಂಕ ಕಳೆಯುತ್ತಾರೆ, ಮೇಷ್ಟ್ರು ಯಾವ ಹೊತ್ತಿಗೆ ಕೋಣೆಯಲ್ಲಿ ಸಿಗುತ್ತಾರೆ ಎಲ್ಲವೂ ಅದರಲ್ಲಿದೆ. ಬೋರ್ಡ್ ಪರೀಕ್ಷೆಯ ಹಾಗೆ ಕೊನೆಯ ಎರಡು ತಿಂಗಳು ಹಗಲಿರುಳು ಓದಿ ಗೆಲ್ಲುತ್ತೇನೆ ಎಂದುಕೊಂಡರೆ ಅಷ್ಟರಲ್ಲಿ ಅರ್ಧದಷ್ಟು ಅಂಕ ಕೈಬಿಟ್ಟು ಹೋಗಿರುತ್ತದೆ.

ಓದುವ ರೀತಿಯ ಬಗ್ಗೆಯೂ ಒಂದು ಹಳೆಯ ನಂಬಿಕೆಯಿದೆ: ಮತ್ತೆ ಮತ್ತೆ ಓದಿದಷ್ಟೂ ನೆನಪಿನಲ್ಲಿ ಉಳಿಯುತ್ತದೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರು ಮುಂದಿದ್ದರು. ರಾತ್ರಿ ಓದಿದ್ದು ಬೆಳಿಗ್ಗೆ ನೆನಪಿದೆ ಎಂಬ ಧೈರ್ಯ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಇನ್ನೂ ಗಂಭೀರವಾದದ್ದು, ಪುಸ್ತಕದಲ್ಲಿದ್ದ ಹಾಗೇ ಬರೆದರೆ ಪೂರ್ತಿ ಅಂಕ ಎಂಬ ನಂಬಿಕೆ. ನಮ್ಮ ಶಾಲೆಗಳು ಮೆಚ್ಚುವ ಈ ಗುಣ ಇಲ್ಲಿ ಕೃತಿಚೌರ್ಯವಾಗುತ್ತದೆ. ಇಂಟರ್ನೆಟ್‌ನಿಂದ ಎತ್ತಿದ ಒಂದು ಪ್ಯಾರಾ, ಗೆಳೆಯನ ಕೋಡ್, ಮೂಲ ಹೇಳದೆ ಬಳಸಿದ ವಾಕ್ಯ ಇವಕ್ಕೆ ಸೊನ್ನೆ ಬೀಳಬಹುದು, ಶಿಸ್ತುಕ್ರಮವೂ ಆಗಬಹುದು. ಮೋಸ ಮಾಡುವ ಮನಸ್ಸೇ ಇಲ್ಲದ ಮಕ್ಕಳು ಇದರಲ್ಲಿ ಸಿಕ್ಕಿಬಿದ್ದು ಕಣ್ಣೀರಿಡುವುದು ನನಗೆ ತುಂಬಾ ನೋವು ಕೊಡುವ ವಿಷಯ. ಸ್ಕೂಲಿನಲ್ಲೇ ಯಾರಾದರೂ ಹೇಳಿಕೊಟ್ಟಿದ್ದರೆ ತಪ್ಪಿಸಬಹುದಾಗಿತ್ತು.

"ಮೇಷ್ಟ್ರ ಕೋಣೆಗೆ ಹೋಗುವುದು ದಡ್ಡರು"

ಮೇಷ್ಟ್ರು ಕೋಣೆಯಲ್ಲಿ ಸಿಗುವ ಆ ಹೊತ್ತನ್ನು, ಅಂದರೆ ಆಫೀಸ್ ಅವರ್ಸ್, ಇಟ್ಟಿರುವುದೇ ಪ್ರಶ್ನೆ ಕೇಳುವವರಿಗಾಗಿ. ಮುಂದೆ ಇಂಟರ್ನ್‌ಶಿಪ್ಪಿಗೂ ಉನ್ನತ ವ್ಯಾಸಂಗಕ್ಕೂ ಶಿಫಾರಸು ಪತ್ರ ಬರೆಯಬೇಕಾದವರು ಇದೇ ಮೇಷ್ಟ್ರುಗಳು. ಹೆಸರು, ಮುಖ ಗೊತ್ತಿಲ್ಲದವರ ಬಗ್ಗೆ ಅವರಾದರೂ ಏನು ಬರೆದಾರು?

"ಎಜುಕೇಶನ್ ಸಿಟಿಯ ಡಿಗ್ರಿ ಎರಡನೇ ದರ್ಜೆಯದು"

ಅಲ್ಲ. ಜಾರ್ಜ್‌ಟೌನ್, ನಾರ್ತ್‌ವೆಸ್ಟರ್ನ್, ಕಾರ್ನೆಗಿ ಮೆಲನ್‌ನ ದೋಹಾ ವಿದ್ಯಾರ್ಥಿಗಳಿಗೆ ಸಿಗುವುದು ಅಮೆರಿಕದ ಮೂಲ ವಿಶ್ವವಿದ್ಯಾಲಯದ್ದೇ ಪದವಿ.

"ನಮ್ಮೂರಿಗೇ ತಾನೆ ಹೋಗಿದ್ದು"

ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿಯುವವರು ನಮ್ಮವರೇ. ದೋಹಾದಲ್ಲಿ ಬೆಳೆದ ಮಗುವಿಗೆ ಊರು ಎಂದರೆ ಜುಲೈ, ಆಗಸ್ಟ್‌ನ ರಜೆ, ಅಜ್ಜಿ ಮನೆ, ಮದುವೆಗಳು. ಆ ಊರಿನಲ್ಲಿ ಬಸ್ಸು ಹಿಡಿದು, ಪಿಜಿ ಹುಡುಕಿ, ಬ್ಯಾಂಕಿನ ಸಾಲಿನಲ್ಲಿ ನಿಂತು ಅದಕ್ಕೆ ಅಭ್ಯಾಸವಿಲ್ಲ. ಸೀಟಿನ ಕಾಗದದಲ್ಲೇ ಊರು ದೂರವಾಗುತ್ತದೆ. ಕರ್ನಾಟಕದ ಸರ್ಕಾರಿ ಕೋಟಾಕ್ಕೆ ಸಾಮಾನ್ಯವಾಗಿ ರಾಜ್ಯದಲ್ಲೇ ಏಳು ವರ್ಷ ಓದಿರಬೇಕು. ಹಾಗಾಗಿ ಎಷ್ಟೋ ಕನ್ನಡದ ಮಕ್ಕಳು ಎನ್‌ಆರ್‌ಐ ಎಂಬ ಹಣೆಪಟ್ಟಿಯಲ್ಲಿ ಬರುತ್ತಾರೆ, ಇಲ್ಲವೇ ಸುರತ್ಕಲ್‌ನ ಎನ್‌ಐಟಿಕೆಯಂಥ ಕಡೆ ಗಲ್ಫ್‌ನ ಭಾರತೀಯ ಕೆಲಸಗಾರರ ಮಕ್ಕಳಿಗೆಂದೇ ಇರುವ ಕೋಟಾದಲ್ಲಿ ಬರುತ್ತಾರೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ ಎಂಬ ವಿಷಯಗಳಿವೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಮಾತಾಡುವ, ಆದರೆ ಅಕ್ಷರ ಓದಲು ಬಾರದ ಹುಡುಗಿ ಬಳಕೆ ಕನ್ನಡದ ಬೆಂಚಿನಲ್ಲಿ ಕೂರಬೇಕಾದಾಗ ಅವಳಿಗಾಗುವ ಮುಜುಗರ ಸಣ್ಣದಲ್ಲ. ದೋಹಾದಲ್ಲಿ ಇಂಡಿಯನ್ ಆಗಿದ್ದವಳು ಇಲ್ಲಿ ಗಲ್ಫ್‌ನವಳಾಗುತ್ತಾಳೆ. ಹಾಜರಾತಿ ಶೇ. 85 ಇರಬೇಕು ಎಂಬ ನಿಯಮ ಬೇರೆ. ಹಬ್ಬಕ್ಕೆಂದು ಹತ್ತು ದಿನ ದೋಹಾಕ್ಕೆ ಹೋಗಿಬರುವ ಆಸೆಗೆ ಅದು ಅಡ್ಡ ನಿಲ್ಲುತ್ತದೆ. ಇತ್ತ, ಆರು ತಿಂಗಳಿಗಿಂತ ಹೆಚ್ಚು ಕಾಲ ಕತಾರ್‌ನಿಂದ ಹೊರಗಿದ್ದರೆ ಅಲ್ಲಿನ ವಾಸದ ಪರವಾನಗಿಗೆ ಕುತ್ತು. ಸೆಮಿಸ್ಟರ್ ರಜೆಯ ಟಿಕೆಟ್ಟನ್ನು ಈ ಎರಡು ಲೆಕ್ಕಗಳ ನಡುವೆ ಹೊಂದಿಸಬೇಕು.

ಯಾರೂ ಗಮನಿಸದ ಇನ್ನೊಂದು ಸಂಗತಿಯಿದೆ. ಕತಾರ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಊರಿನಲ್ಲಿ ಮಗನ ಕಾಲೇಜಿಗೆ ಶುಕ್ರವಾರ ಪೂರ್ತಿ ಕ್ಲಾಸು, ಬಹಳ ಕಡೆ ಶನಿವಾರವೂ ಉಂಟು. ಅವನಿಗೆ ರಜೆಯಿರುವ ಭಾನುವಾರ ಅಪ್ಪ ಆಫೀಸಿನಲ್ಲಿ. ಗಡಿಯಾರದ ಅಂತರ ಎರಡೂವರೆ ಗಂಟೆ. ದೋಹಾದಲ್ಲಿ ರಾತ್ರಿ ಒಂಬತ್ತೂವರೆಗೆ ಊಟ ಮುಗಿಸಿ ಅಮ್ಮ ಫೋನ್ ಮಾಡಿದಾಗ ಇಲ್ಲಿ ನಡುರಾತ್ರಿ. "ಊಟ ಆಯ್ತಾ ಮಗಾ?" ಎಂಬ ಪ್ರಶ್ನೆಗೆ ನಿದ್ದೆಗಣ್ಣಿನ "ಆಯ್ತಮ್ಮಾ" ಬಿಟ್ಟು ಬೇರೆ ಉತ್ತರ ಬರುವುದು ಕಷ್ಟ. ಮಾತಾಡಲು ಒಂದು ಹೊತ್ತನ್ನು ಇಬ್ಬರೂ ಸೇರಿ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

"ಮೊದಲ ಒಂದೆರಡು ತಿಂಗಳು ಖುಷಿ, ಆಮೇಲೆ ಬೇಜಾರು"

ಈ ನಂಬಿಕೆಗೆ ಒಂದು ಸಂಶೋಧನೆಯ ಬೆಂಬಲವಿದೆ. ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು ಮಾತಾಡಿಸಿ ಸಂಶೋಧಕ ಲಿಸ್‌ಗಾರ್ಡ್ 1955ರಲ್ಲಿ, ಮೊದಲು ಉತ್ಸಾಹ, ನಡುವೆ ಕುಸಿತ, ಆಮೇಲೆ ಚೇತರಿಕೆ ಎಂದು ಬರೆದರು. ಆದರೆ 1998ರಲ್ಲಿ ಮನೋವಿಜ್ಞಾನಿ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡ್‌ಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದ ದಿನದಿಂದಲೇ ಗಮನಿಸಿದಾಗ ಬೇರೆಯೇ ಕಂಡಿತು. ಕಷ್ಟ ಅತಿ ಹೆಚ್ಚಿದ್ದದ್ದು ಬಂದ ಹೊಸತರಲ್ಲೇ. ದಿನ ಕಳೆದಂತೆ ಅದು ಇಳಿಯಿತು. ಮೊದಲ ವಾರವೇ ಅಳು ಬಂದರೆ ತನ್ನಲ್ಲೇ ಏನೋ ಕೊರತೆಯಿದೆ ಎಂದು ಮಗು ಅಂದುಕೊಳ್ಳಬಾರದು.

"ಕೌನ್ಸೆಲರ್ ಹತ್ತಿರ ಹೋದರೆ ದಾಖಲೆಗೆ ಸೇರುತ್ತೆ"

ಕೌನ್ಸೆಲಿಂಗ್‌ನ ಮಾತು ಸಾಮಾನ್ಯವಾಗಿ ಗುಟ್ಟಾಗಿಯೇ ಇರುತ್ತದೆ, ಅಂಕಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಭಾರತದಲ್ಲಿ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಕತಾರ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 16000. ಸೀನಿಯರ್‌ಗಳ ರ‍್ಯಾಗಿಂಗ್ ಇದ್ದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 1800-180-5522ಕ್ಕೆ ದೂರು ಕೊಡಬಹುದು. ಮಗು ಹಾಸ್ಟೆಲಿಗೆ ಹೊರಡುವ ಮುನ್ನ, ಅಥವಾ ಮೊದಲ ದಿನ ಕ್ಯಾಂಪಸ್ಸಿಗೆ ಮೆಟ್ರೊ ಹತ್ತುವ ಮುನ್ನ, ಅದರ ಫೋನಿನಲ್ಲಿ ಈ ಸಂಖ್ಯೆಗಳನ್ನು ನೀವೇ ಸೇರಿಸಿಕೊಡಿ.