ಮೂರು ತಿಂಗಳಲ್ಲಿ ಮೂಳೆ ಗಟ್ಟಿಯಾಗುತ್ತದೆಯೇ? ದುಡ್ಡು ಕಟ್ಟುವ ಮುನ್ನ ಓದಿ



ಎರಡು ತಿಂಗಳ ಹಿಂದೆ ಕೊಚ್ಚಿಯಲ್ಲಿ ನನ್ನ ಒಪಿಡಿಗೆ 62 ವರ್ಷದ ಕನ್ನಡದ ತಾಯಿಯೊಬ್ಬರು ಬಂದರು. ಹಿಂದೆ ತಿರುವನಂತಪುರದಲ್ಲಿ ಹೃದಯದ ವಾಲ್ವ್ ಬದಲಿಸಿಕೊಂಡವರು. ಕೈಯಲ್ಲಿ ಒಂದು ಫಿಟ್‌ನೆಸ್ ಸೆಂಟರಿನ ಪಾಂಪ್ಲೆಟ್: ಅದುರುವ ಹಲಗೆಯ ಮೇಲೆ ದಿನಕ್ಕೆ ಹತ್ತು ನಿಮಿಷ ನಿಂತರೆ ಸಾಕು, ಮೂರು ತಿಂಗಳಲ್ಲಿ ಮೂಳೆ ಗಟ್ಟಿ! "ಡಾಕ್ಟ್ರೇ, ನನ್ನ ಹಾರ್ಟಿಗೆ ಇದರಿಂದ ತೊಂದರೆ ಇಲ್ವಾ?"

ಹಾರ್ಟಿನ ಮಾತು ಆಮೇಲೆ. ಮೊದಲು ಆ ‘ಮೂರು ತಿಂಗಳು’ ನೋಡೋಣ. ನಮ್ಮ ಮೂಳೆ ಸದಾ ರಿಪೇರಿಯಲ್ಲಿರುತ್ತದೆ. ಹಳೆಯದನ್ನು ಕರಗಿಸಿ ಹೊಸದನ್ನು ತುಂಬುವ ಒಂದು ಸುತ್ತಿಗೇ ನಾಲ್ಕರಿಂದ ಆರು ತಿಂಗಳು ಬೇಕು. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲೂ ಒಬ್ಬರನ್ನೇ ಎರಡು ಸಲ ಅಳೆದರೆ ಶೇ 2-3ರಷ್ಟು ವ್ಯತ್ಯಾಸ ಬರಬಹುದು. ಅದಕ್ಕೇ ಒಂದೆರಡು ವರ್ಷ ಬಿಟ್ಟು, ಸಾಧ್ಯವಾದರೆ ಅದೇ ಮಶೀನಿನಲ್ಲಿ ಮತ್ತೆ ಮಾಡಿಸುವುದು. ಹಾಗಾದರೆ ಆ ಸೆಂಟರಿನವರು ‘ಸುಧಾರಣೆ’ ತೋರಿಸುತ್ತಿದ್ದುದು ಹೇಗೆ? ಹಿಮ್ಮಡಿಯನ್ನು ಪುಟ್ಟ ಅಲ್ಟ್ರಾಸೌಂಡ್ ಯಂತ್ರದಲ್ಲಿಟ್ಟು. ಉಚಿತ ಶಿಬಿರಗಳಲ್ಲಿ ನೀವೂ ಕಾಲಿಟ್ಟಿರಬಹುದು. ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎನ್ನುವ ಲೆಕ್ಕ ಸೊಂಟ, ಬೆನ್ನುಮೂಳೆಯ ಡೆಕ್ಸಾಗೆ ಸೇರಿದ್ದು, ಹಿಮ್ಮಡಿಯ ನಂಬರಿಗಲ್ಲ.

ಇನ್ನು ವ್ಯಾಯಾಮ. ಮೂಳೆ ಬೆಳೆಯುವುದು ತನಗೆ ರೂಢಿಯಿಲ್ಲದ ಭಾರ ಬಿದ್ದಾಗ. ಟೆನಿಸ್ ಆಟಗಾರರ ರ‍್ಯಾಕೆಟ್ ಹಿಡಿಯುವ ಕೈಯ ಮೂಳೆ ಇನ್ನೊಂದಕ್ಕಿಂತ ದಪ್ಪ. ಭಾರವೇ ಇಲ್ಲದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇ 1ಕ್ಕಿಂತ ಹೆಚ್ಚು ಸವೆಯುತ್ತದೆ. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಬೆಳಿಗ್ಗೆ ನಡೆಯುವವರಿಗೆ ಹೃದಯದ ಡಾಕ್ಟರಾಗಿ ನಾನು ಕೈ ಮುಗಿಯುತ್ತೇನೆ, ಆದರೆ ಬರೀ ನಡಿಗೆಯಿಂದ ಮೂಳೆಗೆ ಸಿಗುವ ಲಾಭ ಸಣ್ಣದು. ಈಜು, ಸೈಕಲ್‌ನಿಂದ ಇನ್ನೂ ಕಡಿಮೆ.

ನನಗೆ ಗೊತ್ತಿರುವ ಗಟ್ಟಿ ಪುರಾವೆಗಳಲ್ಲಿ ಒಂದು ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ‘ಲಿಫ್ಟ್‌ಮೋರ್’ ಅಧ್ಯಯನ. ಮುಟ್ಟು ನಿಂತ, ಮೂಳೆ ಕ್ಷೀಣಿಸಿದ 101 ಮಹಿಳೆಯರು. ಒಂದು ಗುಂಪು ವಾರಕ್ಕೆ ಎರಡು ದಿನ, ಅರ್ಧ ಗಂಟೆ, ತಜ್ಞರ ಕಣ್ಣೆದುರೇ ನಿಜಕ್ಕೂ ಭಾರವಾದ ತೂಕ ಎತ್ತಿತು, ಜಿಗಿಯಿತು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಶೇ 2.9 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1.2 ಇಳಿಯಿತು. ಅಷ್ಟು ಬೆವರು ಸುರಿಸಿ ಎಂಟು ತಿಂಗಳಿಗೆ ಶೇ 3! ಸುಮ್ಮನೆ ನಿಲ್ಲಿಸಿ ಅದಕ್ಕಿಂತ ಹೆಚ್ಚು ಕೊಡುತ್ತೇವೆ ಎನ್ನುವವರ ಬಳಿ ಡೆಕ್ಸಾ ವರದಿ ಕೇಳಿ. ಯೂಟ್ಯೂಬ್ ನೋಡಿ ನೀವೇ ಭಾರ ಎತ್ತಲೂ ಹೋಗಬೇಡಿ. ಬೆನ್ನುಮೂಳೆ ಆಗಲೇ ಕುಸಿದಿದ್ದರೆ ಬಗ್ಗಿ ಎತ್ತುವುದೇ ಅಪಾಯ. ಬಿಪಿ ಹತೋಟಿಯಲ್ಲಿಲ್ಲದಿದ್ದರೆ, ಮಹಾಪಧಮನಿ ಹಿಗ್ಗಿದ್ದರೆ, ವಾಲ್ವ್ ಕಿರಿದಾಗಿದ್ದರೆ ಮೊದಲು ಹೃದಯ ತಜ್ಞರನ್ನು ಕೇಳಿ. ಉಸಿರು ಬಿಗಿಹಿಡಿದು ಯಾರೂ ಎತ್ತಬಾರದು.

ಅದುರುವ ಹಲಗೆಯ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದರಿಂದ ಮೂಳೆ ಮುರಿತ ತಪ್ಪುತ್ತದೆ ಎಂಬುದಕ್ಕೆ ಪುರಾವೆ ಇಲ್ಲ.

ಹೊರಡುವಾಗ ಆ ತಾಯಿ ಬ್ಯಾಗಿನಿಂದ ಒಂದು ಡಬ್ಬಿ ತೆಗೆದರು. "ಇದೂ ಅಲ್ಲೇ ಕೊಟ್ಟದ್ದು, ಬರೀ ಕ್ಯಾಲ್ಸಿಯಂ." ಲೇಬಲ್ ಓದಿದೆ: ಕ್ಯಾಲ್ಸಿಯಂ, ಡಿ3, ಜೊತೆಗೆ ವಿಟಮಿನ್ ಕೆ2-7. ನನಗೆ ಹಲಗೆ ಮರೆತೇ ಹೋಯಿತು.

ಅವರದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ (ಮುಂದೆ ಮಣಿಪಾಲದ ಕುಲಪತಿಯಾದವರು) ನೇತೃತ್ವದಲ್ಲಿ ರೂಪುಗೊಂಡು 1990ರಲ್ಲಿ ಮೊದಲ ರೋಗಿಗೆ ಅಳವಡಿಸಿದ್ದು. ಇಂಥ ಯಾಂತ್ರಿಕ ವಾಲ್ವ್ ಇರುವವರು ರಕ್ತ ತೆಳು ಮಾಡುವ ಅಸಿಟ್ರೋಮ್ ಅಥವಾ ವಾರ್ಫರಿನ್ ಅನ್ನು ಜೀವಮಾನವಿಡೀ ನುಂಗಬೇಕು. ಆ ಮಾತ್ರೆ ಕೆಲಸ ಮಾಡುವುದೇ ವಿಟಮಿನ್ ಕೆ ವಿರುದ್ಧ. ಕೆ2-7 ಸ್ವಲ್ಪವೇ ಸೇರಿದರೂ ಅದರ ಬಲ ಕುಗ್ಗುತ್ತದೆ, ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಅಂದೇ ಐಎನ್‌ಆರ್ ಮಾಡಿಸಿದೆ. 2.5ರಿಂದ 3.5ರೊಳಗೆ ಇರಬೇಕಿದ್ದದ್ದು 1.6.

ಡಬ್ಬಿ ನಿಲ್ಲಿಸಿ ಚಿಕಿತ್ಸೆ ಸರಿಪಡಿಸಿದೆವು. ಡೆಕ್ಸಾದಲ್ಲಿ ಮೈನಸ್ 2.7 ಬಂತು, ಅದಕ್ಕೆ ಔಷಧಿಯೇ ಬೇಕು, ವ್ಯಾಯಾಮ ಜೊತೆಗೆ. ರಕ್ತ ತೆಳು ಇರುವವರು ಬಿದ್ದರೆ ತಲೆಯೊಳಗೂ ರಕ್ತಸ್ರಾವವಾಗಬಹುದಾದ್ದರಿಂದ ಅವರಿಗೆ ಮೊದಲು ಬೇಕಾದದ್ದು ಕಾಲಿನ ಬಲ, ಸಮತೋಲ. ಈಗ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು ನಡೆದಿದೆ. ಕಳೆದ ವಾರದ ಐಎನ್‌ಆರ್ 2.9. ಸೆಂಟರಿನವರು ದುಡ್ಡು ಮಾತ್ರ ವಾಪಸ್ ಕೊಟ್ಟಿಲ್ಲವಂತೆ.