ಜಾಲತಾಣ ಮಾಡಿಸುವ ಮುನ್ನ: ಹೆಸರು ಯಾರದು, ಅಕ್ಷರ ಎಂಥದು?

ಹೊಸೂರಿನ ಗುಲಾಬಿ, ಕೃಷ್ಣಗಿರಿಯ ಮಾವು ದೇಶದ ಗಡಿಯನ್ನೂ ದಾಟಿ ಮಾರಾಟವಾಗುತ್ತವೆ. ಅವನ್ನು ಬೆಳೆಯುವ, ಮಾರುವ, ಸಾಗಿಸುವವರಲ್ಲಿ ನಮ್ಮ ಕನ್ನಡ ಶಾಲೆಗಳ ಪೋಷಕರೂ ಇದ್ದಾರೆ. ಇಂದು ತಮ್ಮ ವ್ಯಾಪಾರಕ್ಕೊಂದು ಜಾಲತಾಣ ಬೇಕೆಂದು ಅವರಿಗೆ ಅನಿಸುವುದು ಸಹಜ. ಆದರೆ ವಿನ್ಯಾಸಕಾರರನ್ನು ಆರಿಸುವಾಗ ನಾವು ಬಣ್ಣ, ಚಿತ್ರ, ದರಗಳನ್ನಷ್ಟೇ ನೋಡುತ್ತೇವೆ. ಮುಂದೆ ತೊಂದರೆ ಕೊಡುವ ಸಂಗತಿಗಳು ಬೇರೆಯೇ ಇವೆ.

ಮೊದಲನೆಯದು ಹೆಸರಿನ ಒಡೆತನ. ಜಾಲತಾಣದ ವಿಳಾಸವನ್ನು, ಅಂದರೆ ಡೊಮೇನ್ ಹೆಸರನ್ನು, ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ನಿಗದಿತ ಅವಧಿಗೆ ನೋಂದಾಯಿಸಿ, ಅದು ಮುಗಿಯುವ ಮುನ್ನ ನವೀಕರಿಸಬೇಕು. ವಿನ್ಯಾಸಕಾರರು ಅದನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಂಡರೆ, ಮನಸ್ತಾಪ ಬಂದ ದಿನ ವಿಳಾಸ ಅವರಲ್ಲೇ ಉಳಿಯುತ್ತದೆ. ಅಂಗಡಿಯ ಬಾಡಿಗೆ ಕರಾರನ್ನು ಸುಣ್ಣ ಬಳಿಯುವವರ ಹೆಸರಿನಲ್ಲಿ ಬರೆಸುವವರುಂಟೆ? ಆದ್ದರಿಂದ ನೋಂದಣಿ ನಮ್ಮ ಹೆಸರು, ನಮ್ಮ ಇ-ಮೇಲ್, ನಮ್ಮ ಮೊಬೈಲ್ ಸಂಖ್ಯೆಯಲ್ಲೇ ಆಗಬೇಕು. ಪಾಸ್‌ವರ್ಡ್ ನಮ್ಮ ಕೈಯಲ್ಲಿರಬೇಕು.

ಎರಡನೆಯದು ಅಕ್ಷರ. ಹೊಸೂರಿನ ವ್ಯಾಪಾರಿಗೆ ತಮಿಳು, ಇಂಗ್ಲಿಷ್ ಪುಟಗಳು ಅಗತ್ಯ, ನಿಜ. ಆದರೆ ಅತ್ತಿಬೆಲೆ, ಆನೇಕಲ್ ಕಡೆಯ ಗಿರಾಕಿಗೆ ಕನ್ನಡ ಪುಟವೂ ಬೇಕು. ವಿನ್ಯಾಸಕಾರರಿಗೆ ಕನ್ನಡ ಬಾರದಿದ್ದರೆ ಕೆಲವೊಮ್ಮೆ ಕನ್ನಡದ ಬರಹವನ್ನು ಚಿತ್ರವಾಗಿ ಅಂಟಿಸಿಬಿಡುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ಹುಡುಕುತಾಣಗಳು ಪಠ್ಯದಂತೆ ಸಲೀಸಾಗಿ ಓದಲಾರವು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ್ದನ್ನು ಹಾಗೆಯೇ ಹಾಕಿದರೆ, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಬರಹ ಯೂನಿಕೋಡ್‌ನಲ್ಲಿರಬೇಕು, 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದೆ.

ಇದನ್ನು ಪರೀಕ್ಷಿಸುವುದು ಸುಲಭ. ಅವರು ಹಿಂದೆ ಮಾಡಿದ ಕನ್ನಡ ಪುಟವೊಂದನ್ನು ಮೊಬೈಲಿನಲ್ಲಿ ತೆರೆಯಿರಿ. ಒಂದು ಪದವನ್ನು ನಕಲಿಸಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವಾಗಿಯೇ ಬಂದರೆ ಸರಿ. ‘ಕೃಷ್ಣಗಿರಿ’ ಎಂದು ಬರೆಸಿ ನೋಡಿ. ಒತ್ತಕ್ಷರ ಒಡೆದು ಪಕ್ಕಕ್ಕೆ ಸರಿದಿದ್ದರೆ ತಿದ್ದಿಸಿ. ಯಂತ್ರಾನುವಾದವನ್ನು ಹಾಗೆಯೇ ಒಪ್ಪಬೇಡಿ. ಕನ್ನಡ ಬಲ್ಲವರೊಬ್ಬರು ಓದಿ ತಿದ್ದಲಿ.

ಮೂರನೆಯದು ಮುಂದಿನ ನಿರ್ವಹಣೆ. ಬೆಲೆ, ದೂರವಾಣಿ ಸಂಖ್ಯೆ ಬದಲಾದಾಗ ತಿದ್ದುವವರು ಯಾರು, ಅದಕ್ಕೆ ಶುಲ್ಕವೆಷ್ಟು, ವಾರ್ಷಿಕ ವೆಚ್ಚವೆಷ್ಟು ಎಂಬುದನ್ನು ಬರಹದಲ್ಲಿ ಪಡೆಯಿರಿ. ಹಣವನ್ನು ಒಮ್ಮೆಗೇ ಕೊಡದೆ, ಕೆಲಸ ಮುಗಿದಂತೆ ಕಂತುಗಳಲ್ಲಿ ಕೊಡಿ. ಈ ಹಿಂದೆ ಅವರಿಂದ ಮಾಡಿಸಿಕೊಂಡ ಇಬ್ಬರನ್ನಾದರೂ ವಿಚಾರಿಸಿ.

ಎಲ್ಲರಿಗೂ ಜಾಲತಾಣ ಬೇಕೆಂದೇನೂ ಇಲ್ಲ. ಸಣ್ಣ ಅಂಗಡಿಯಾದರೆ ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ಸಮಯ, ಚಿತ್ರಗಳನ್ನು ಉಚಿತವಾಗಿ ಸೇರಿಸಬಹುದು. ಆರಂಭಕ್ಕೆ ಅಷ್ಟೇ ಸಾಕು.

ಕನ್ನಡ ಪುಟ ಬರಿಯ ಅಭಿಮಾನದ ಮಾತಲ್ಲ. ತಾನು ಶಾಲೆಯಲ್ಲಿ ಕಲಿತ ಅಕ್ಷರ ಪರೀಕ್ಷೆಗೆ ಮಾತ್ರ, ವ್ಯಾಪಾರಕ್ಕಲ್ಲ ಎಂದು ಮಗು ಒಮ್ಮೆ ನಂಬಿದರೆ, ಮುಂದಿನ ತಲೆಮಾರನ್ನು ಕನ್ನಡ ಶಾಲೆಗೆ ಕರೆತರುವುದು ಕಷ್ಟ. ಪುಟದ ಕನ್ನಡ ಕರಡನ್ನು ಮನೆಯ ಮಕ್ಕಳಿಂದಲೇ ಬರೆಯಿಸಿ, ಶಿಕ್ಷಕರಿಗೆ ತೋರಿಸಿ. ತಿದ್ದಿಕೊಡಲು ನಾವಿದ್ದೇವೆ.